ಜೈಲು ದವಾಖಾನೆಯ ಬಿಪಿ ಮಿಷನ್

ನಾನು ಒಂದು ಬಿಪಿ ಮಿಷನ್. ಗುಂಡಿ ಒತ್ತಿದರೆ ಕೀಂ ಎಂದು ಅಂಕಿ ತೋರಿಸುವ ಪ್ಲಾಸ್ಟಿಕ್ ಡಬ್ಬಿ ಎಂದುಕೊಂಡೀರಿ ಮತ್ತೆ! ಛೆ, ನಾನು ಹಳೇ ಕಾಲದ ಪಾದರಸದ ಮಿಷನ್. ಉತ್ತರದ ಯಾವುದೋ ಊರಿನ ತಗಡಿನ ಛಾವಣಿಯ ಕಾರ್ಖಾನೆಯಲ್ಲಿ ಹುಟ್ಟಿದೆ. ಗಾಜಿನ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ಸೊನ್ನೆಯಿಂದ ಮುನ್ನೂರರವರೆಗೆ ಗೆರೆ ಎಳೆದು, ಬುಡದಲ್ಲಿ ಪಾದರಸ ತುಂಬಿ, ಬೂದು ಬಣ್ಣದ ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿದರು. ತೋಳಿಗೆ ಸುತ್ತಲು ಬಟ್ಟೆಯ ಪಟ್ಟಿ, ಹಿಚುಕಲು ರಬ್ಬರಿನ ಬಲ್ಬು. ಹಿಚುಕಿದರೆ ಏರಬೇಕು, ಗಾಳಿ ಬಿಟ್ಟರೆ ಇಳಿಯಬೇಕು. ಇಷ್ಟೇ ನನ್ನ ವಿದ್ಯೆ. ಇಷ್ಟರಲ್ಲೇ ಎಂಥೆಂಥವರ ಗುಟ್ಟು ಹೊರಬಿದ್ದಿದೆ ಎಂದರೆ ನೀವು ನಂಬಲಿಕ್ಕಿಲ್ಲ.

ನನ್ನನ್ನು ಮೊದಲು ಕೊಂಡವರು ಬಿಸಿಲ ನಾಡಿನ ಒಂದು ಪೇಟೆಯ ಡಾಕ್ಟರ್ ಗುರುರಾವ್ ಜಹಗೀರದಾರರು. ಅವರ ಮೇಜಿನ ಮೇಲೆ ಹದಿನೆಂಟು ವರ್ಷ ರಾಜನಂತೆ ಇದ್ದೆ. ಒಬ್ಬ ಹೆಣ್ಣುಮಗಳಿಗೆ ಅತ್ತೆ ಪಕ್ಕದಲ್ಲಿ ಕುಳಿತರೆ ನೂರ ಅರವತ್ತು, ಅತ್ತೆ ನೀರು ಕುಡಿಯಲು ಎದ್ದು ಹೋದರೆ ನೂರ ಮೂವತ್ತು! ಡಾಕ್ಟರು ಮೀಸೆಯಲ್ಲೇ ನಕ್ಕು, ಅತ್ತೆಗೆ ದಿನಾ ಸಂಜೆ ಗುಡಿಗೆ ನಡೆದು ಹೋಗಿ ಬರುವಂತೆ ಚೀಟಿ ಬರೆದುಕೊಟ್ಟರು. ಅವರು ವಾರಕ್ಕೆರಡು ದಿನ ಜೈಲಿನ ದವಾಖಾನೆಗೂ ಹೋಗುತ್ತಿದ್ದರು. ವಯಸ್ಸಾಗಿ ಎಲ್ಲವನ್ನೂ ಬಿಟ್ಟಾಗ ನನ್ನನ್ನು ಅಲ್ಲಿಗೇ ಕೊಟ್ಟುಬಿಟ್ಟರು. ಕಳ್ಳತನವಿಲ್ಲ, ಸುಳ್ಳಿಲ್ಲ, ಸುಮ್ಮನೆ ನಾನು ಜೈಲು ಸೇರಿದೆ. ಸಿಟ್ಟು ಬರದೇ ಇದ್ದೀತೇ?

ಹೊಸ ಡಾಕ್ಟರು ಬಂದ ದಿನ ಬಂದರು, ಬಾರದ ದಿನ ಇಲ್ಲ. ನನ್ನ ಮೇಲೆ ಧೂಳು ಕೂತಿತು. ಆಗ ಒಂದು ಸೋಮವಾರ ಜಯಶೀಲಾ ಬಂದಳು. ಸುರಪುರದ ಕಡೆಯ ಹುಡುಗಿ, ಇಪ್ಪತ್ಮೂರು ವಯಸ್ಸು. ತಾಯಿ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತ ಮಗಳಿಗೆ ನರ್ಸಿಂಗ್ ಓದಿಸಿದ್ದಳು. ಇದೇ ಮೊದಲ ಕೆಲಸ. ಅದೂ ಆರು ತಿಂಗಳ ಮಟ್ಟಿಗೆ. ಚೆನ್ನಾಗಿ ಮಾಡಿದರೆ ಮುಂದುವರಿಸುತ್ತಾರೆ, ಇಲ್ಲದಿದ್ದರೆ ಇಲ್ಲ. ದೊಡ್ಡ ಗೇಟಿನೊಳಗಿನ ಕುಬ್ಜ ಬಾಗಿಲಿಗೆ ತಲೆ ಬಗ್ಗಿಸುವುದನ್ನು ಮರೆತು ಹಣೆ ಬಡಿಸಿಕೊಂಡು ಬಂದಿದ್ದಳು. ಮೊದಲ ಬಾರಿ ಬ್ಯಾಂಡೇಜು ಕಟ್ಟಿದ್ದು ಅವಳದೇ ಹಣೆಗೆ.

ಹೆಡ್ ವಾರ್ಡರ್ ಸಾಹೇಬಗೌಡರು ಬಾಗಿಲಲ್ಲೇ ಪಾಠ ಶುರು ಮಾಡಿದರು. "ನೋಡ್ರಿ ಸಿಸ್ಟರ್, ಸೂಜಿ ಎಷ್ಟ ತಗದ್ರಿ, ಅಷ್ಟ ತಿರುಗಿ ತೋರಸಬೇಕು. ಗುಳಿಗಿ ಕೈಯಾಗ ಕೊಟ್ಟು ಕಳಸೂಹಂಗಿಲ್ಲ. ನಿಮ್ಮ ಮುಂದನ ನುಂಗಬೇಕು, ಬಾಯಿ ತಗದು ನಾಲಿಗಿ ಎತ್ತಿ ತೋರಸಬೇಕು. ಮತ್ತ ಇಲ್ಲಿ ಕಾಕಾ, ಮಾಮಾ ಅನ್ನೂದು ನಡಿಯಂಗಿಲ್ಲ. ನಂಬರ್ ಕರೀರಿ, ನಂಬರ್ ಬರೀರಿ."

ಆ ದಿನ ನನ್ನ ಪಟ್ಟಿ ಸುತ್ತಿಸಿಕೊಂಡ ಮೊದಲಿಗನೇ ೧೧೪೭. ಅಂದರೆ ಮೌನೇಶಪ್ಪ ಬಡಿಗೇರ. ಅರವತ್ತರ ಹತ್ತಿರದ ಬಡಿಗ. ಹೊಲದ ಬದುವಿನ ಜಗಳದಲ್ಲಿ ಒಬ್ಬ ಸತ್ತಿದ್ದ, ಆರೋಪ ಇವನ ಮೇಲೆ. ಮೂರು ವರ್ಷದಿಂದ ಕೇಸು ನಡೆದಿತ್ತು, ತೀರ್ಪು ಬಂದಿರಲಿಲ್ಲ. ಜಯಶೀಲಾ ಹೆದರುತ್ತಲೇ ಬಲ್ಬು ಹಿಡಿದಳು. ಹಿಚುಕಿದಳು, ಹಿಚುಕಿದಳು, ನಿಲ್ಲಿಸುವುದನ್ನೇ ಮರೆತಳು. ನಾನು ಇನ್ನೂರ ಎಂಬತ್ತು ದಾಟಿದೆ.

"ಯವ್ವಾ, ಸಾಕ ಬಿಡು, ತೋಳ ಕಿತ್ತ ಬರ್ತದ," ಅಂದ ಮೌನೇಶಪ್ಪ.

ಅವಳು ನಾಚಿ ಗಾಳಿ ಬಿಟ್ಟಳು. ಕಾಲೇಜಿನಲ್ಲಿ ಕಲಿತದ್ದನ್ನು ಬಿಡದೆ, "ನಿಮಗ ಬಿಪಿ ಐತಿ. ದಿನಾ ಮುಂಜಾನೆ ತಪ್ಪದ ಬಂದು ಗುಳಿಗಿ ತಗೊಳ್ರಿ. ಊರಿಗಿ ಗೀರಿಗಿ ಹೋಗಬ್ಯಾಡ್ರಿ," ಎಂದಳು.

"ಎಲ್ಲಿಗಿ ಹೋಗ್ಲಿ ತಾಯಿ? ಸಾಹೇಬಗೌಡ್ರು ರಜಾ ಕೊಟ್ರ ಹೋದೆ!"

ಸಾಲಿನಲ್ಲಿ ನಿಂತವರೆಲ್ಲ ಹೋ ಎಂದು ನಕ್ಕರು. ಸಾಹೇಬಗೌಡರೂ ಟೋಪಿ ಅಡ್ಡ ಹಿಡಿದು ನಕ್ಕರು. ಅವಳ ಹೆದರಿಕೆ ಅರ್ಧ ಅಲ್ಲೇ ಇಳಿದುಹೋಯಿತು.

ನನ್ನ ಧೂಳು ಒರೆಸಿದವಳು ಅವಳು. ಸಡಿಲಾದ ನನ್ನ ಮುಚ್ಚಳವನ್ನು ಮೌನೇಶಪ್ಪನಿಗೆ ಕೊಟ್ಟು ಬಿಗಿ ಮಾಡಿಸಿದಳು. ದಿನಾ ಎಲ್ಲರ ಬಿಪಿ ನೋಡಿ ನೋಡಿ ಗುಳಿಗೆ ಪುಸ್ತಕದಲ್ಲಿ ಬರೆಯುತ್ತಿದ್ದಳು. "ಹೊಸದಾಗಿ ಅಗಸ ಎತ್ತೆತ್ತಿ ಒಗದಾನಂತ," ಎಂದು ಸಾಹೇಬಗೌಡರು ಕಾಡಿಸುತ್ತಿದ್ದರು. ಅವರು ಹೇಳಿದಂತೆ ಪುಸ್ತಕದಲ್ಲಿ ನಂಬರು ಮಾತ್ರ. ಆದರೆ ಅವರು ಆಚೆ ಹೋದೊಡನೆ ೧೧೪೭ "ಕಾಕಾ" ಆಗುತ್ತಿದ್ದ, ಅವಳು "ಯವ್ವಾ" ಆಗುತ್ತಿದ್ದಳು. ಬೆಂದು ಒಣಗಿದ್ದ ಆ ಮನುಷ್ಯನ ಮಾತು ದವಾಖಾನೆಯಲ್ಲೇ ಚಿಗುರಿದ್ದು. ಮಗ ಬರುವುದನ್ನು ಬಿಟ್ಟಿದ್ದ, ಹೆಂಡತಿ ತೀರಿಕೊಂಡಿದ್ದಳು. "ನನ್ನ ಹೆಸರ ಹಿಡದು ಕೇಳಾಕಿ ನೀ ಒಬ್ಬಾಕಿ," ಎನ್ನುತ್ತಿದ್ದ. ನನಗಂತೂ ಅವರಿಬ್ಬರ ಮಾತು ಕೇಳುವುದೇ ಹಬ್ಬ.

ಮೂರನೇ ತಿಂಗಳಲ್ಲಿ ಒಂದು ದಿನ ಅವನು, "ನಾಳೆ ಜಜ್ಜಮೆಂಟ್ ಐತಿ. ವಕೀಲ್ರು ಬಿಡುಗಡಿ ಆಗ್ತದ ಅಂದಾರ," ಎಂದು ಹೇಳಿ ಹೋದ. ಮರುದಿನ ಕೋರ್ಟಿಗೆ ಹೋದ. ಅದರ ಮರುದಿನ ಗುಳಿಗೆ ಸಾಲಿನಲ್ಲಿ ಅವನಿಲ್ಲ. ಬೆಳಗಿನ ಕೈದಿಗಳ ಪಟ್ಟಿಯಲ್ಲಿ ೧೧೪೬ ಇತ್ತು, ೧೧೪೮ ಇತ್ತು, ೧೧೪೭ ಇರಲಿಲ್ಲ.

ಜಯಶೀಲಾ ಯಾರನ್ನೂ ಕೇಳಲಿಲ್ಲ. ಕೇಳಬೇಕಿತ್ತು. ಅವಳಿಗೆ ಹೊಳೆದದ್ದು ಒಂದೇ, ಕಾಕಾ ಮನೆಗೆ ಹೋದರು! ಕೆಂಪು ಪೆನ್ನು ತೆಗೆದು ಆ ನಂಬರಿನ ಮುಂದೆ ದೊಡ್ಡದಾಗಿ "ಬಿಡುಗಡೆ" ಎಂದು ಬರೆದಳು. ಅಷ್ಟಕ್ಕೆ ತೃಪ್ತಿಯಾಗದೆ ಕೆಳಗೆ ಇನ್ನೊಂದು ಸಾಲು ಸೇರಿಸಿದಳು. ಸಂಜೆ ಪೇಢಾ ಒಯ್ದು ಅವ್ವನ ಬಾಯಿಗಿಟ್ಟಳಂತೆ. ನಾನೂ ಪೆಟ್ಟಿಗೆಯೊಳಗೆ ಹಿಗ್ಗಿಹೋಗಿದ್ದೆ. ನಾನೂ ಪೆದ್ದನೇ.

ಜೈಲಿನ ಒಂದು ಪದ್ಧತಿ ಅವಳಿಗೆ ಯಾರೂ ಹೇಳಿರಲಿಲ್ಲ. ಶಿಕ್ಷೆಯಾದ ದಿನವೇ ಕೈದಿಯ ಹಳೆಯ ನಂಬರು ಹೋಗಿ ಹೊಸ ನಂಬರು ಬರುತ್ತದೆ. ಮೌನೇಶಪ್ಪನಿಗೆ ಜೀವಾವಧಿಯಾಗಿತ್ತು. ಬಿಳಿ ಬಟ್ಟೆ, ಹೊಸ ನಂಬರು, ಆಚೆ ಕಡೆಯ ಬ್ಯಾರಕ್ಕು. ಆ ಬ್ಯಾರಕ್ಕಿಗೆ ಗುಳಿಗೆ ಹೋಗುವುದು ನಂಬರಿನ ಚೀಟಿಯ ಮೇಲೆ. ಚೀಟಿ ಬರೆಯಬೇಕಾದವಳೇ ಅವನು ಹೊರಗೆ ಹೋದನೆಂದು ತಿಳಿದಿದ್ದರಿಂದ ಹೊಸ ನಂಬರಿಗೆ ಚೀಟಿಯೇ ಇಲ್ಲ. ಗುಳಿಗೆ ನಿಂತುಹೋಯಿತು.

ಹನ್ನೊಂದನೆಯ ದಿನ ಬಡಿಗ ಕೆಲಸದ ಶೆಡ್ಡಿನಿಂದ ಇಬ್ಬರು ಕೈದಿಗಳು ಒಬ್ಬನನ್ನು ಹೊತ್ತು ತಂದರು. ಬಾಯಿ ಸೊಟ್ಟಗಾಗಿತ್ತು, ಮಾತು ತೊದಲುತ್ತಿತ್ತು. ಹಿಂದೆಯೇ ಬಂದ ಸಾಹೇಬಗೌಡರು, "ಶಿಕ್ಷಾ ಆದ ಹೊಸದಾಗ ಎಲ್ಲಾರೂ ಹಿಂಗ ಬೀಳತಾರ್ರಿ, ದೊಡ್ಡ ದವಾಖಾನಿಗಿ ಹೋಗಾಕ ನಾಟಕ," ಎಂದರು.

ಜಯಶೀಲಾ ಬಾಗಿ ಮುಖ ನೋಡಿದಳು. "ಕಾಕಾ! ನೀವು ಇಲ್ಲೇ ಅದೀರಿ?"

ಪಟ್ಟಿ ಸುತ್ತಿದಳು. ಈ ಸಲ ಎಷ್ಟು ಬೇಕೋ ಅಷ್ಟೇ ಹಿಚುಕಿದಳು. ನಾನು ಇನ್ನೂರ ಮೂವತ್ತರಲ್ಲಿ ನಿಂತೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ, ಅಂದು ಬಂದಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ.

"ನಾಟಕ ಅಲ್ರಿ. ಇಲ್ನೋಡ್ರಿ!" ಎಂದು ನನ್ನನ್ನೇ ಅವರ ಕಡೆ ತಿರುಗಿಸಿದಳು. ಸಾಹೇಬಗೌಡರ ಮುಖ ಸಪ್ಪಗಾಯಿತು. ಆಂಬುಲೆನ್ಸಿಗೆ ಓಡಿದರು. ಗಾಡಿ ಬರುವಷ್ಟರಲ್ಲಿ ಅವರಿಗೆ ಪುಸ್ತಕದ ಕೆಂಪು ಅಕ್ಷರ ಕಂಡಿತ್ತು, ಏನಾಗಿದೆ ಎಂಬುದೂ ತಿಳಿದಿತ್ತು. ಕೈದಿಯ ಜೊತೆ ಕಳಿಸುವ ಕಾಗದದಲ್ಲಿ ಕಾರಣ ಬರೆಯಬೇಕು. ಗೌಡರು ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು.

"ತಂಗಿ, 'ಕೈದಿ ಗುಳಿಗಿ ಒಲ್ಲೆ ಅಂದ' ಅಂತ ಬರದಬಿಡು. ಆರು ತಿಂಗಳ ಪೂರಾ ಆಗಿಲ್ಲ ನಿಂದು. ಇದು ಸೂಪರಿಂಟೆಂಡೆಂಟ್ ಸಾಹೇಬ್ರಿಗಿ ತಿಳದ್ರ ನೌಕರಿ ಹೋಗ್ತದ."

"ಹಂಗ ಬರದ್ರ ಕಾಕಾಗ ಏನಾಗ್ತದ್ರಿ?"

"ಏನಾಗ್ತದ... ಅವನ ಹೆಸರಿಗಿ ಒಂದು ಕಪ್ಪು ಗುರುತು. ಮುಂದ ಶಿಕ್ಷಾದಾಗ ಮಾಫಿ ಸಿಗೂದು ಕಷ್ಟ."

ಅವಳು ಗಳಗಳ ಅತ್ತಳು. ಅಳುತ್ತಲೇ ಬರೆದಳು: ನನ್ನ ತಪ್ಪಿನಿಂದ ಹನ್ನೊಂದು ದಿನ ಗುಳಿಗೆ ತಪ್ಪಿದೆ. ಕೆಳಗೆ ಸಹಿ ಮಾಡಿದಳು. ಸಾಹೇಬಗೌಡರು ಕಾಗದ ತೆಗೆದುಕೊಂಡು ಹೋದರು. ನನ್ನ ಎಷ್ಟೋ ವರ್ಷಗಳ ಬಾಳಿನಲ್ಲಿ ಯಾರ ಮೇಲೂ ನನಗೆ ಅಷ್ಟು ಪ್ರೀತಿ ಉಕ್ಕಿರಲಿಲ್ಲ.

ಮೆಮೋ ಬಂತು, ವಿಚಾರಣೆಯಾಯಿತು. ಅವಳನ್ನು ತೆಗೆದು ಬೇರೆಯವರನ್ನು ಹಾಕಲು ಅರ್ಜಿ ಕರೆದರು. ಜೈಲಿಗೆ ಬರುತ್ತೇನೆ ಎಂದು ಯಾರಾದರೂ ಅರ್ಜಿ ಹಾಕುತ್ತಾರೆಯೇ? ಒಂದೂ ಬರಲಿಲ್ಲ. ಹೀಗಾಗಿ ಅವಳೇ ಉಳಿದಳು. ಅಂದಿನಿಂದ ಪುಸ್ತಕದಲ್ಲಿ ನಂಬರಿಗಿಂತ ಮೊದಲು ಹೆಸರು ಬಂತು. ಸೂಪರಿಂಟೆಂಡೆಂಟರೇ ಅದಕ್ಕೆ ಒಪ್ಪಿಗೆ ಕೊಟ್ಟರು.

ಮೌನೇಶಪ್ಪ ಮೂರು ವಾರದ ಮೇಲೆ ಬಂದ. ಮಾತು ಸರಿಹೋಗಿತ್ತು, ಎಡಗೈಯಲ್ಲಿ ಮಾತ್ರ ಉಳಿ ನಿಲ್ಲುತ್ತಿರಲಿಲ್ಲ. ಬಡಿಗನಿಗೆ ಅದಕ್ಕಿಂತ ದೊಡ್ಡ ನಷ್ಟ ಯಾವುದು? ದಿನಾ ಬಿಪಿ ನೋಡಿಸಲು ಬಂದು ಬಲದೋಳು ಚಾಚುತ್ತಿದ್ದ, ಗೋಡೆ ಕಡೆ ಮುಖ ಮಾಡುತ್ತಿದ್ದ, ಗುಳಿಗೆ ನುಂಗಿ ಬಾಯಿ ತೆರೆದು ತೋರಿಸಿ ಹೋಗುತ್ತಿದ್ದ. ಅವಳೊಡನೆ ಒಂದೇ ಒಂದು ಮಾತಿಲ್ಲ.

"ನಂದ ತಪ್ಪಾತು ಕಾಕಾ," ಎಂದು ಅವಳು ಎಷ್ಟು ಸಲ ಅಂದಳೋ. ಗೋಡೆಗೆ ಹೇಳಿದಂತೆ. ಸಾಹೇಬಗೌಡರು ಒಮ್ಮೆ ಅವನನ್ನು ಗದರಿಸಿಯೇ ಕೇಳಿದರು: "ಗುಳಿಗಿ ಬರಲಿಲ್ಲಂದ್ರ ಬಾಯಿ ಬಿಟ್ಟು ಕೇಳಬೇಕಿಲ್ಲೋ ಮಾರಾಯಾ?"

"ಏನಂತ ಕೇಳ್ಲಿ? ಶಿಕ್ಷಾ ಆದವಗ ಇನ್ನ ಗುಳಿಗಿ ಯಾಕಂತ ಆಕಿ ನಿಲ್ಲಿಸ್ಯಾಳ ಅನಕೊಂಡೆ. ಮಗ ಕೈ ಬಿಟ್ಟ, ಊರು ಕೈ ಬಿಡ್ತು. ಈಕೀನೂ ಬಿಟ್ಲು ಅನಕೊಂಡೆ. ಈಗ ತಪ್ಪಾತಂತ! ಎಲ್ಲಾರೂ ಹಂಗ ಅಂತಾರ."

ಕಿಟಕಿಯ ಈಚೆ ಜಯಶೀಲಾಳಿಗೆ ಇದೆಲ್ಲ ಕೇಳಿಸಿತು. ಅಂದು ಅವಳು ಊಟದ ಡಬ್ಬಿ ತೆರೆಯಲಿಲ್ಲ. "ಬಿಡುಗಡಿ ಆತಂತ ತಿಳಕೊಂಡಿದ್ದೆ ಅಂತ ಹೇಳಿಬಿಡವಾ," ಎಂದರು ಗೌಡರು. "ಜೀವಾವಧಿ ಆದವ್ರ ಮುಂದ ನಿಮಗ ಬಿಡುಗಡಿ ಆತಂತ ಪೇಢಾ ತಿಂದೆ ಅಂತ ಹ್ಯಾಂಗ ಹೇಳ್ಲಿ ರೀ? ಗಾಯದ ಮ್ಯಾಲ ಬರಿ ಎಳದಂಗ ಆಗೂದಿಲ್ಲೇನು?" ಎಂದಳು ಅವಳು.

ಹೀಗೇ ಏಳು ತಿಂಗಳು. ಕೊನೆಗೆ ನನ್ನ ಗಳಿಗೆಯೂ ಬಂತು. ಪಾದರಸ ವಿಷವಂತೆ, ಇನ್ನು ಪಾದರಸದ ಮಿಷನ್ ಬಳಸಬಾರದಂತೆ. ಇಷ್ಟು ವರ್ಷ ದುಡಿಸಿಕೊಂಡ ಮೇಲೆ ಈ ಮಾತು! ಕೀಂ ಎನ್ನುವ ಡಬ್ಬಿ ಬಂದು ನನ್ನ ಜಾಗದಲ್ಲಿ ಕುಳಿತಿತು. ತುಂಬಿದ ಹಳೆಯ ಪುಸ್ತಕಗಳ ಜೊತೆ ನನ್ನನ್ನೂ ಕಪಾಟಿನಲ್ಲಿಡಲು ತೆಗೆದರು. ಇಡುವ ಮೊದಲು ಪುಸ್ತಕಗಳಲ್ಲಿನ ತಪ್ಪು ದಾಖಲೆಗಳನ್ನು ಹೊಡೆದುಹಾಕಿ ಸಹಿ ಮಾಡಬೇಕೆಂದು ಸೂಪರಿಂಟೆಂಡೆಂಟರ ಆಜ್ಞೆ. ಜಯಶೀಲಾ ಸ್ಕೇಲು, ಪೆನ್ನು ಹಿಡಿದು ಕುಳಿತಳು. ಆ ಪುಟ ಬಂತು. ಅದೇ ಹೊತ್ತಿಗೆ ಬಾಗಿಲಲ್ಲಿ ಮೌನೇಶಪ್ಪನೂ ಬಂದು ನಿಂತ.

ಅವಳಿಗೆ ಎಲ್ಲಿಂದ ಧೈರ್ಯ ಬಂತೋ, ಪುಸ್ತಕವನ್ನು ಅವನ ಕಡೆ ತಿರುಗಿಸಿಟ್ಟಳು. "ಓದ್ರಿ ಕಾಕಾ. ನಾ ಬಾಯಿಲೆ ಹೇಳಲಾರೆ."

ಅವನು ಒಲ್ಲದ ಮನಸ್ಸಿನಿಂದ ಬಾಗಿದ. ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ ಓದಿದ. "ಸಾವಿರದ ನೂರಾ ನಲವತ್ತೇಳು. ಬಿಡುಗಡೆ. ಕಾಕಾ ಮನಿಗಿ ಹೋದ್ರು. ದೇವರು ಛಲೋ ಮಾಡ್ಲಿ." ತಾರೀಖು ನೋಡಿದ. ಅವನಿಗೆ ಜೀವಾವಧಿಯಾದ ಮರುದಿನದ ತಾರೀಖು.

ಅವನು ಬೆರಳನ್ನು ಮತ್ತೆ ಆ ಸಾಲಿನ ಮೊದಲಿಗೆ ತಂದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಅದಕ್ಕ ನಿಲ್ಲಿಸಿದ್ದೇನ ಯವ್ವಾ?"

"ಹೂಂ ಕಾಕಾ."

ಅವಳು ಸ್ಕೇಲು ಇಟ್ಟು ಗೆರೆ ಎಳೆಯಲು ಪೆನ್ನು ತೆಗೆದಳು. ಅವನು ಸ್ವಾಧೀನವಿಲ್ಲದ ಎಡಗೈಯನ್ನು ಬಲಗೈಯಿಂದ ಎತ್ತಿ ಆ ಸಾಲಿನ ಮೇಲೆ ಇಟ್ಟುಬಿಟ್ಟ.

"ಹೊಡದ ಹಾಕಬ್ಯಾಡವಾ. ಬಿಡುಗಡಿ ನನಗ ಬ್ಯಾರೆ ಎಲ್ಲೂ ಸಿಕ್ಕಿಲ್ಲ. ಅಲ್ಲೇ ಇರಲಿ."

ಅವಳು ಪೆನ್ನು ಮುಚ್ಚಿದಳು. ನಾನೂ ಆ ಪುಸ್ತಕವೂ ಈಗ ಒಂದೇ ಕಪಾಟಿನಲ್ಲಿ, ಒಂದರ ಮೇಲೊಂದು ಇದ್ದೇವೆ. ಆಚೆ ದಿನಾ ಮುಂಜಾನೆ ಹೊಸ ಡಬ್ಬಿ ಕೀಂ ಎನ್ನುತ್ತದೆ, ಕಾಕಾ ಏನೋ ಹೇಳುತ್ತಾನೆ, ಜಯಶೀಲಾ ನಗುತ್ತಾಳೆ. ಆ ಸಾಲನ್ನು ಇನ್ನೂ ಯಾರೂ ಹೊಡೆದು ಹಾಕಿಲ್ಲ.