ಮದುಮಗಳ ಹಲ್ಲು

ರೊಟ್ಟಿಗೆ ಬೆಣ್ಣೆ ಸವರುತ್ತಲೇ ತಾಯಿ ಆಗ್ನೆಸ್ ಸುದ್ದಿ ಹೇಳಿದಳು. "ಶನಿವಾರಕ್ಕೆ ಹಲ್ಲಿನ ಡಾಕ್ಟ್ರ ಹತ್ರ ಹೇಳಿಟ್ಟಿದ್ದೀನಿ ಕಣೇ ನೆಟ್ಟಾ. ಎಲ್ಲಾನೂ ಒಂದೇ ಸಲ ಕೀಳಿಸಿಬಿಡೋಣ. ನಿಮ್ಮಪ್ಪ ಕೊಡೋ ಮದುವೆ ಉಡುಗೊರೆ."

ಸ್ಕಾಟ್ಲೆಂಡಿನ ಆ ನೇಯ್ಗೆ ಗಿರಣಿ ಊರಿನಲ್ಲಿ ಆಗಿನ ಕಾಲಕ್ಕೆ ಇದು ಹೊಸ ಮಾತಲ್ಲ. ಹೆಣ್ಣು ಗಂಡನ ಮನೆಗೆ ಹಲ್ಲುನೋವು ಹೊತ್ತು ಹೋಗಬಾರದೆಂದು, ಮದುವೆಗೆ ಮೊದಲೇ ಎಲ್ಲ ಹಲ್ಲು ಕೀಳಿಸಿ ಕಟ್ಟುಹಲ್ಲಿನ ಸೆಟ್ ಕೊಡಿಸುವುದು ತವರಿನವರ ಮರ್ಯಾದೆ.

"ನನಗೆ ಹಲ್ಲುನೋವೇ ಇಲ್ವಲ್ಲಮ್ಮ."

"ಬರೋ ತನಕ ಕಾಯ್ತಾರಾ? ಸೊಸೆ ಬರ್ತಾಳೋ ಹಲ್ಲುನೋವು ಬರುತ್ತೋ ಅಂತ ವಾಲ್ಟರ್ ಅಮ್ಮ ಆಗ್ಲೇ ಎರಡು ಸಲ ಕೇಳಿದ್ಳು."

ತವರಿಗೆ ಬಂದಿದ್ದ ಅಕ್ಕ ಕರ್ಸ್ಟಿ ರೊಟ್ಟಿಯನ್ನು ಚಹಾದಲ್ಲಿ ಅದ್ದಿ, ಗೋಡೆಯ ಕಡೆ ಮುಖ ಮಾಡಿ ನುಂಗುತ್ತಿದ್ದಳು. ಒಂಬತ್ತು ವರ್ಷದ ಹಿಂದೆ ಅವಳಿಗೂ ಇದೇ ಉಡುಗೊರೆ. ಸೆಟ್ ಈಗ ಸಡಿಲ. ತಿನ್ನುವಾಗ ಜಾರಿ ಒಸಡು ಹುಣ್ಣಾಗುತ್ತದೆ. ಹೊರಗಿನವರೆದುರು ಅವಳು ಊಟಕ್ಕೆ ಕೂತು ವರ್ಷಗಳಾಗಿದ್ದವು.

ಶನಿವಾರ, ಊರಿಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಲಾರಿಮರ್ ಒಂದೊಂದೇ ಹಲ್ಲು ತಟ್ಟಿ ನೋಡಿದರು. "ಹುಳುಕು ಒಂದೇ. ಅದನ್ನೂ ತುಂಬಿಸಬಹುದು. ಉಳಿದಿದ್ದನ್ನ ಯಾಕೆ ಕೀಳ್ಲಿ?"

"ಹಿಂದಿನ ಡಾಕ್ಟ್ರು ಹೀಗೆಲ್ಲ ಕೇಳ್ತಿರ್ಲಿಲ್ಲ," ಎಂದಳು ಆಗ್ನೆಸ್.

"ಹಲ್ಲು ಹೋದ್ರೆ ದವಡೆ ಎಲುಬೂ ಸವೀತಾ ಬರುತ್ತಮ್ಮ. ಇವತ್ತು ಸರಿಯಾಗಿ ಕೂತ ಸೆಟ್ ನಾಲ್ಕು ವರ್ಷಕ್ಕೆ ಅಲ್ಲಾಡುತ್ತೆ. ಬಾಯಿ ಈ ಹುಡುಗೀದು. ಅವಳೇ ಹೇಳ್ಲಿ."

ಇಪ್ಪತ್ತೊಂದು ವರ್ಷದಲ್ಲಿ ನೆಟ್ಟಾಳನ್ನು ಯಾರೂ ಹಾಗೆ ಕೇಳಿರಲಿಲ್ಲ. "ಆ ಒಂದನ್ನ ತುಂಬಿಸಿ, ಸಾಕು," ಎಂದಳು.

ಆಗ್ನೆಸ್ ಕೈಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ನೆಟ್ಟಾ ಒಬ್ಬಳೇ ಮನೆಗೆ ನಡೆದಳು.

ಬುಧವಾರ, ಅವಳಿಗೆ ಗೊತ್ತುಮಾಡಿದ್ದ ಗಂಡು ವಾಲ್ಟರ್ ಬಂದು ಬಾಗಿಲಲ್ಲೇ ನಿಂತ. "ಅಮ್ಮ ಒಪ್ತಿಲ್ಲ. ಎಲ್ರೂ ಮಾಡಿಸ್ಕೋತಾರಲ್ಲ ನೆಟ್ಟಾ."

"ನಿಂಗೇನನ್ಸುತ್ತೆ?"

ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಆಮೇಲೆ ಹೊರಟುಹೋದ.

ಮಗ್ಗಗಳ ಸದ್ದಿನಲ್ಲಿ, ನೆಟ್ಟಾಳ ಜೊತೆ ದುಡಿಯುವ ಗಿರಣಿಯ ಹೆಂಗಸರು ತುಟಿ ಆಡಿಸಿಯೇ ಮಾತಾಡಿಕೊಳ್ಳುತ್ತಿದ್ದರು. ಈಗ ನೆಟ್ಟಾ ತಿರುಗಿದರೆ ಆ ತುಟಿಗಳು ನಿಲ್ಲುತ್ತಿದ್ದವು. ಮನೆಯಲ್ಲಿ ಅಪ್ಪ ಓದುತ್ತಿದ್ದ ಪತ್ರಿಕೆಯನ್ನು ಮುಖದಿಂದ ಇಳಿಸುತ್ತಿರಲಿಲ್ಲ. ತಾನು ಮಾಡಿದ್ದು ಸರಿಯೆಂದು ಅವಳಿಗೆ ಗೊತ್ತಿತ್ತು. ಆದರೆ ಗೊತ್ತಿರುವುದು ಊಟಕ್ಕೆ ಜೊತೆ ಕೂರುವುದಿಲ್ಲ.

ಮೂರನೆಯ ಭಾನುವಾರ ಕರ್ಸ್ಟಿ ಎಂಟು ವರ್ಷದ ಮಗಳು ಮೊರಾಗ್‌ಳನ್ನು ಕರೆದುಕೊಂಡು ಬಂದಳು. ಬಾಯಿಗೆ ಅಂಗೈ ಅಡ್ಡ ಹಿಡಿದೇ ಹೇಳಿದಳು: "ಇವಳಿಗೆ ದವಡೆ ಹಲ್ಲು ನೋಯ್ತಿದೆ. ಅಮ್ಮ ಕೀಳಿಸು ಅಂತಾಳೆ. ಶನಿವಾರ ನಿನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀಯಾ? ಉಳಿಸಿಕೊಡಿ ಅಂತ ಹೇಳು."

"ನೀನೂ ಬಾ ಅಕ್ಕ."

"ನಾನು ಬಾಯಿ ಬಿಟ್ರೆ ಅವ್ರು ನೋಡಿಬಿಡ್ತಾರೆ."

ಮೊರಾಗ್ ಕೆನ್ನೆ ಹಿಡಿದುಕೊಂಡು ಇಬ್ಬರನ್ನೂ ನೋಡುತ್ತಿದ್ದಳು. ಕರ್ಸ್ಟಿ ಮೆಲ್ಲಗೆ ಅಂಗೈ ಇಳಿಸಿದಳು.

"ನೋಡ್ಲಿ ಬಿಡು," ಎಂದಳು. "ಇವಳ ತಾಯಿ ನಾನು. ನಾನೇ ಹೇಳ್ತೀನಿ."