ಕ್ಯಾಲೆಂಡರಿಗೆ ಬೇಕಾಗಿದ್ದ ಚಿರತೆ

ನಕುರು ಪೇಟೆಯ ನಮ್ಮ ಮಹಿಳಾ ಸಂಘ ವರ್ಷಕ್ಕೊಂದು ಕ್ಯಾಲೆಂಡರ್ ಅಚ್ಚು ಹಾಕಿಸುತ್ತದೆ. ಅದರ ಮೇಲೆ ಸದಸ್ಯೆಯರೆಲ್ಲರ ಚಿತ್ರ ಇರಬೇಕು. ಸಂಜೆ ಶಾಲೆಗೆ ಹೋಗಿ ಓದಿದವಳು ಎಂಬ ಒಂದೇ ಕಾರಣಕ್ಕೆ ಸಂಘದ ಪತ್ರ ಬರೆಯುವ ಕೆಲಸದ ಜೊತೆ ಚಿತ್ರ ತೆಗೆಯುವ ಕೆಲಸವೂ ನನ್ನ ಕೊರಳಿಗೆ ಬಿದ್ದಿತ್ತು. ಕಳೆದ ವರ್ಷ ನಾನು ತೆಗೆದ ಚಿತ್ರದಲ್ಲಿ ಎಲ್ಲರ ಸಮವಸ್ತ್ರ ಸೊಗಸಾಗಿ ಬಂದಿತ್ತು, ತಲೆಗಳು ಬಂದಿರಲಿಲ್ಲ.

ಅದೇ ವರ್ಷ ಚರ್ಚಿನ ಹಾಡುಗಾರ್ತಿಯರು ತಮ್ಮ ಕ್ಯಾಲೆಂಡರಿನಲ್ಲಿ ಸಿಂಹದ ಮುಂದೆ ನಿಂತಂತೆ ಬಂದರು. ಆಮೇಲೆ ಮಾರುಕಟ್ಟೆಯಲ್ಲಿ ಅವರ ನಡಿಗೆಯೇ ಬದಲಾಯಿತು. ನಮ್ಮ ಅಧ್ಯಕ್ಷೆ ಕಿಹಾರನಮ್ಮನಿಗೆ ಅದನ್ನು ತಡೆಯಲಾಗಲಿಲ್ಲ.

"ಸಿಂಹ ಅವರ ಎಂಜಲಾಯ್ತು. ನಮಗೆ ಚಿರತೆನೇ ಬೇಕು. ಆಗಸ್ಟ್ ರಜೆಗೆ ಮಸಾಯಿ ಮಾರಾ ಅಭಯಾರಣ್ಯಕ್ಕೆ ಹೋಗೋದೇ" ಎಂದಳು.

ಹೋದೆವು. ಚಾಲಕ ಸಂಕಾಲೆ ಆ ಹುಲ್ಲುಗಾವಲಿನಲ್ಲೇ ಹುಟ್ಟಿ ಬೆಳೆದ ಮಸಾಯಿ ಹುಡುಗ, ನಮ್ಮೆಲ್ಲರಿಗೂ ಮಗನ ವಯಸ್ಸಿನವನು. ದಿನವೂ "ಇವತ್ತು ಖಂಡಿತ, ಅಮ್ಮಾ" ಎನ್ನುತ್ತಿದ್ದ. ದಿನವೂ ನಾವು ನೋಡಿದ್ದು ಜೀಬ್ರಾಗಳನ್ನು, ಅದೂ ಹಿಂದಿನಿಂದ. ನಾನು ಎರವಲು ತಂದಿದ್ದ ಕ್ಯಾಮೆರಾದಲ್ಲಿ ಬಾಲಗಳೇ ತುಂಬಿದವು.

ಕೊನೆಯ ಬೆಳಿಗ್ಗೆ ಕಿಹಾರನಮ್ಮ ತೀರ್ಮಾನ ಹೇಳಿದಳು. "ನ್ಯಾಗುಥಿ, ಮಧ್ಯಾಹ್ನದೊಳಗೆ ಚಿರತೆ ಸಿಕ್ಕಲಿಲ್ಲ ಅಂದ್ರೆ ಹೋಟೆಲಿನ ಬಾಗಿಲಲ್ಲಿರೋ ಸಿಮೆಂಟ್ ಚಿರತೆ ಪಕ್ಕ ನಿಂತು ತೆಗೆಸ್ಕೊಳ್ತೀವಿ. ಕ್ಯಾಮೆರಾನ ಇನ್ಮೇಲೆ ನೀನು ಮುಟ್ಟೋದೂ ಬೇಡ."

"ಆ ಚಿರತೆಗೆ ಒಂದು ಕಿವಿನೇ ಇಲ್ವಲ್ಲೇ" ಎಂದಳು ನ್ದಿರಂಗುವಿನಮ್ಮ. ಅವಳಿಗೆ ಎಲ್ಲದರಲ್ಲೂ ತಮಾಷೆ. "ಹಾಡುಗಾರ್ತಿಯರು ನಕ್ಕು ನಕ್ಕು ರಾಗಾನೇ ಮರೀತಾರೆ."

ನನಗೆ ನಗು ಬರಲಿಲ್ಲ. ಆ ಸಿಮೆಂಟ್ ಚಿರತೆ ವರ್ಷವಿಡೀ ಮನೆಮನೆಯ ಗೋಡೆಯ ಮೇಲೆ ನನ್ನ ಹೆಸರಿನಲ್ಲಿ ಕೂತಿರುತ್ತದಲ್ಲ!

ಬಿಸಿಲೇರುವ ಮುಂಚೆ ಸಂಕಾಲೆ ಒಂದು ಹುತ್ತದ ಪಕ್ಕ ವ್ಯಾನ್ ನಿಲ್ಲಿಸಿದ. ಕೆಳಗೆ ಇಳಿಯುವಂತಿರಲಿಲ್ಲ. ಒಳಗೇ ಫ್ಲಾಸ್ಕು ಬಿಚ್ಚಿದೆವು. ಎಣ್ಣೆಯಲ್ಲಿ ಕರಿದ ಸಿಹಿ ಮಂದಾಜಿ, ಬೇಯಿಸಿದ ಗೆಣಸು ಹೊರಬಂದವು. ಪ್ರಾರ್ಥನೆಯಿಲ್ಲದೆ ನಮ್ಮಲ್ಲಿ ಯಾರೂ ಗುಟುಕು ನೀರೂ ಕುಡಿಯುವುದಿಲ್ಲ. ಪ್ರಾರ್ಥಿಸುವವಳು ಯಾವಾಗಲೂ ಹಿರಿಯಳಾದ ವಾಂಗೆಚಿ ಅಜ್ಜಿ. ಅವಳ ಪ್ರಾರ್ಥನೆ ಶುರುವಾದರೆ ಚಹಾ ಆರಿದ ಮೇಲೇ ಮುಗಿಯುವುದು. ನಡುವೆ ಕಣ್ಣು ಬಿಟ್ಟವರಿಗೆ ಸಂಘದಲ್ಲಿ ಮುಂದಿನ ಸಭೆಯ ಪಾತ್ರೆಯೆಲ್ಲ ತೊಳೆಯುವ ಶಿಕ್ಷೆ.

ನಾನು ಚಾಲಕನ ಪಕ್ಕದ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತು ಕಣ್ಣು ಮುಚ್ಚಿದೆ. ಅಜ್ಜಿ ವ್ಯಾನಿನ ಟೈರುಗಳಿಗೆ, ನಕುರುವಿನ ಹಸುಗಳಿಗೆ, ಮೊಮ್ಮಕ್ಕಳ ಪರೀಕ್ಷೆಗೆ ಆಶೀರ್ವಾದ ಬೇಡುತ್ತಿದ್ದಳು. ನನಗೆ ಮಾತ್ರ ಫ್ಲಾಸ್ಕಿನ ಮುಚ್ಚಳ ಸರಿಯಾಗಿ ಹಾಕಿದ್ದೇನೋ ಇಲ್ಲವೋ ಎಂಬ ಚಿಂತೆ. ಒಂದೇ ಒಂದು ಸಲ ನೋಡಿಬಿಡೋಣ ಎಂದು ಕಣ್ಣು ಬಿಟ್ಟೆ.

ಕಿಟಕಿಯಾಚೆ, ಹುತ್ತದ ಮೇಲೆ, ಚಿರತೆ ಕೂತಿತ್ತು.

ಅಜ್ಜಿ ಕೂತಿದ್ದ ಸೀಟಿನ ಸರಿಸಮಕ್ಕೆ, ತಾನೂ ಟಿಕೆಟ್ ಕೊಂಡು ಬಂದಂತೆ. ಒಳಗೆ ಸಾಲುಸಾಲಾಗಿ ತಲೆ ಬಾಗಿಸಿದ ಹೆಂಗಸರನ್ನು ನೋಡುತ್ತಿತ್ತು. ಕೂಗಿದರೆ ಚಿರತೆ ಓಡುತ್ತದೆ. ಕೂಗದಿದ್ದರೆ ಯಾರೂ ನೋಡುವುದಿಲ್ಲ. ಪ್ರಾರ್ಥನೆಯ ನಡುವೆ ಕೂಗುವುದು ಪಾಪವೋ ಅಲ್ಲವೋ, ಅದೂ ಗೊತ್ತಾಗಲಿಲ್ಲ. ಕೈ ತಾನಾಗಿ ಕ್ಯಾಮೆರಾ ಎತ್ತಿತು. ನೋಡಿದರೆ ಎಲ್ಲ ಕಪ್ಪು.

"ಮುಚ್ಚಿರೋ ಬಾಗಿಲು ತೆರೆ, ತಂದೆಯೇ" ಎಂದು ಅಜ್ಜಿಯ ಧ್ವನಿ ಏರಿತು. "ಮುಚ್ಚಿರೋ ದಾರಿ ತೆರೆ. ಏನೇನು ಮುಚ್ಚಿದೆಯೋ ಎಲ್ಲಾ ತೆರೆ!"

ಲೆನ್ಸಿನ ಮುಚ್ಚಳ! ಅದನ್ನು ಕಿತ್ತು ತೊಡೆಯ ಮೇಲೆ ಬೀಳಿಸಿಕೊಂಡೆ. ಬೆರಳಿಗೆ ಗುಂಡಿಯೇ ಸಿಗಲಿಲ್ಲ.

"ನಮ್ಮ ಮಗಳು ನ್ಯಾಗುಥಿಯ ಬೆರಳಿಗೆ ಬಲ ಕೊಡು, ತಂದೆಯೇ. ಬೇಗ ಕೊಡು. ಈಗಲೇ ಕೊಡು."

ಒತ್ತಿದೆ. ಕ್ಲಿಕ್ ಎಂದಿತು.

"ಆಮೆನ್" ಎಂದಳು ಅಜ್ಜಿ.

ಎಲ್ಲರೂ ಒಕ್ಕೊರಲಿನಿಂದ ಕೂಗಿದ ಆಮೆನ್‌ಗೆ ಬೆಚ್ಚಿದ ಚಿರತೆ ಹಾರಿ ಹುಲ್ಲಿನಲ್ಲಿ ಮರೆಯಾಯಿತು. ಇವರು ಕಣ್ಣು ಬಿಟ್ಟು ಮಂದಾಜಿಗೆ ಕೈ ಹಾಕಿದರು.

"ಸರಿ, ತಿಂದು ಸಿಮೆಂಟ್ ಚಿರತೆ ಹತ್ರ ಹೊರಡೋಣ" ಎಂದಳು ಕಿಹಾರನಮ್ಮ.

ಸುಮ್ಮನಿದ್ದರೆ ಪಾತ್ರೆಯ ಶಿಕ್ಷೆಯಿಂದ ಪಾರಾಗಬಹುದಿತ್ತು. ಆದರೆ ಚಿತ್ರ ನನ್ನ ಕೈಯಲ್ಲೇ ಇತ್ತು.

"ಚಿರತೆ... ಬಂದಿತ್ತು" ಎಂದೆ.

"ಯಾವಾಗ?"

"ಪ್ರಾರ್ಥನೆ ಹೊತ್ತಿಗೆ."

ಕಿಹಾರನಮ್ಮ ಕೈಯಲ್ಲಿದ್ದ ಗೆಣಸನ್ನು ಮೆಲ್ಲಗೆ ಕೆಳಗಿಟ್ಟಳು. "ಅಂದ್ರೆ ನಿನ್ನ ಕಣ್ಣು ಎಲ್ಲಿತ್ತು?"

"ಬಿಡೇ ಅವಳನ್ನ" ಎಂದಳು ನ್ದಿರಂಗುವಿನಮ್ಮ. "ಹೋದ ಈಸ್ಟರ್‌ಗೆ ಎಲ್ಲರೂ ಕಣ್ಣು ಮುಚ್ಕೊಂಡಿದ್ದಾಗ್ಲೇ ನನ್ನ ಕೈಚೀಲ ಹೋಗಿದ್ದು. ಒಬ್ಬಳಾದ್ರೂ ಕಣ್ಣು ಬಿಟ್ಕೊಂಡಿರ್ಬೇಕು."

ಕ್ಯಾಮೆರಾ ಕೈಯಿಂದ ಕೈಗೆ ಹೋಯಿತು. ಕಿರುಚಾಟ, ಕಿಟಕಿ ಮುಚ್ಚುವ ಗಡಿಬಿಡಿ, ಆಮೇಲೆ ಚಪ್ಪಾಳೆ. ಎಲ್ಲರಿಗೂ ತಲೆ ಇತ್ತು, ಚಿರತೆಗೆ ಎರಡು ಕಿವಿಯೂ ಇದ್ದವು. ಸಂಕಾಲೆ ಮಾತ್ರ ಕುಗ್ಗಿಹೋದ. ಚಿತ್ರದ ಮೂಲೆಯಲ್ಲಿ ಅವನೂ ಕಣ್ಣು ಮುಚ್ಚಿ ಕೂತಿದ್ದ.

"ಅಮ್ಮಾ, ನನ್ನನ್ನ ಕತ್ತರಿಸಿಬಿಡಿ. ಬೇರೆ ಡ್ರೈವರ್‌ಗಳು ನೋಡಿದ್ರೆ ನಾನು ಊರು ಬಿಡ್ಬೇಕಾಗುತ್ತೆ." ತನ್ನ ಮುಖ ಎಷ್ಟು ಕಾಣುತ್ತದೆಂದು ತಿಳಿಯಲು ಚಿತ್ರವನ್ನು ದೊಡ್ಡದು ಮಾಡುತ್ತಾ ಹೋದವನು ತಟ್ಟನೆ ನಿಂತ. "ಅಜ್ಜಿ... ಇದು ನಿಮ್ಮ ಕಣ್ಣಲ್ವಾ?"

ಎಲ್ಲರೂ ಬಗ್ಗಿ ನೋಡಿದೆವು. ಕೈ ಮುಗಿದು ತಲೆ ಬಾಗಿಸಿದ್ದ ಅಜ್ಜಿಯ ಒಂದು ಕಣ್ಣು ಭದ್ರವಾಗಿ ಮುಚ್ಚಿತ್ತು. ಕಿಟಕಿಯ ಕಡೆಯದು ಲಿಂಬೆಹಣ್ಣಿನಷ್ಟು ಅಗಲವಾಗಿ ತೆರೆದಿತ್ತು.

"ನೋಡಿದೆ, ಏನೀಗ?" ಎಂದಳು ಅಜ್ಜಿ, ಮಂದಾಜಿ ಮುರಿಯುತ್ತಾ. "ಹೇಳಿದ್ರೆ ನೀವೆಲ್ಲಾ ಕಿರುಚ್ತಿದ್ರಿ, ಅದು ಓಡ್ತಿತ್ತು. ಈ ಹುಡುಗಿ ನೋಡಿದ್ರೆ ಮುಚ್ಚಳಾನೂ ತೆಗೀದೆ ಕ್ಯಾಮೆರಾ ಹಿಡ್ಕೊಂಡಿದಾಳೆ. ಅದಕ್ಕೇ ಪ್ರಾರ್ಥನೆ ಎಳೆದೆ."

ಅಜ್ಜಿಯ ಕೈಗೆ ಪಾತ್ರೆ ಕೊಡುವ ಧೈರ್ಯ ಸಂಘದಲ್ಲಿ ಯಾರಿಗೂ ಇಲ್ಲ. ಅಜ್ಜಿಗಿಲ್ಲದ ಶಿಕ್ಷೆ ನನಗೆ ಹೇಗೆ ಕೊಡುವುದು? "ಇದೇ ಚಿತ್ರ ಹಾಕಿಸೋಣ" ಎಂದಳು ಕಿಹಾರನಮ್ಮ ಕೊನೆಗೆ. "ಆದ್ರೆ ನೀನಿಲ್ವಲ್ಲೇ ಇದರಲ್ಲಿ, ನ್ಯಾಗುಥಿ."

"ಅವಳ ಜಾಗದಲ್ಲಿ ಚಿರತೆ ಇದೆಯಲ್ಲ" ಎಂದಳು ನ್ದಿರಂಗುವಿನಮ್ಮ. "ಸಮವಸ್ತ್ರ ಹಾಕಿಲ್ಲ, ಅಷ್ಟೇ."

ಆರಿದ ಚಹಾವನ್ನು ಎಲ್ಲರಿಗೂ ಬಗ್ಗಿಸಿ ಕೊಡುತ್ತಾ ಅಜ್ಜಿಯ ಪಕ್ಕಕ್ಕೆ ಬಂದಾಗ ಮೆಲ್ಲಗೆ ಕೇಳಿದೆ. "ಅಜ್ಜಿ, ನನಗೆ ಒತ್ತೋಕೆ ಆಗದೇ ಹೋಗಿದ್ರೆ?"

"ಸಂಜೆವರೆಗೂ ಪ್ರಾರ್ಥಿಸ್ತಿದ್ದೆ" ಎಂದಳು ಅಜ್ಜಿ. "ಸಕ್ಕರೆ ಹಾಕು."