ಹೊಳಿಯವ್ವ ಹೊಲಿದ ಜಾಕೆಟ್

ಅತ್ತೆ ಯಾವುದರ ಮೇಲೆ ಕೂತಿದ್ದಾಳೆ ಎಂಬುದು ಮೊದಲು ಅರುಣಾಳ ಕಣ್ಣಿಗೆ ಬೀಳಲೇ ಇಲ್ಲ. ಗುತ್ತಲದ ಆ ಮನೆಯ ಪಡಸಾಲೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ರಾಶಿ ಮುಂದಿಟ್ಟುಕೊಂಡು ತೊಟ್ಟು ಮುರಿಯಲು ಕೂತರೆ ಹೊಳಿಯವ್ವನಿಗೆ ಲೋಕದ ಪರಿವೆ ಇರುತ್ತಿರಲಿಲ್ಲ. ಘಾಟಿಗೆ ಸೀನುತ್ತಲೇ ಅರುಣಾ ಚಹಾದ ಕಪ್ಪು ಕೊಡಲು ಬಗ್ಗಿದಳು. ಆಗ ಅತ್ತೆಯ ಸೀರೆಯ ಅಂಚಿನಡಿ ಬಿಳಿ ಫೋಮಿನ ದಪ್ಪ ತುಂಡೊಂದು ಇಣುಕಿತು.

"ಇದೇನ್ರಿ ಅತ್ತಿ, ಹೊಸಾ ಗಾದಿ?"

"ಗಾದಿ ಅಲ್ಲವಾ. ಹುಲಿಗ್ಯಾನ ಜಾಕೀಟಿನಾಗಿತ್ತು. ಇಲಿ ಕಡದು ತೂತು ಮಾಡಿತ್ತಲ್ಲ, ಹೊಲೀರಿ ಅಂತ ನೀನ ಕೊಟ್ಟಿದ್ದಿ. ಬಿಚ್ಚಿ ನೋಡಿದ್ರ ಒಳಗ ಬರೇ ಈ ರದ್ದಿ! ಇಷ್ಟು ರೊಕ್ಕಾ ತಗೊಂಡು ಎಂಥಾ ಮೋಸ ನೋಡು. ಎಲ್ಲಾ ತಗದ ಹಾಕಿ, ಚೊಲೋ ಅರಿವಿ ತುಂಬಿ ಹೊಲದೇನಿ. ಹೊಳ್ಯಾಗ ಥಂಡಿ ಹತ್ತೂದಿಲ್ಲ ಈಗ."

ಹೊಳಿಯವ್ವನ ಕೌದಿ ಎಂದರೆ ಊರಲ್ಲಿ ಹೆಸರುವಾಸಿ. ಹಳೆ ಬಟ್ಟೆ ಪದರ ಪದರವಾಗಿ ಇಟ್ಟು ಒತ್ತೊತ್ತಾಗಿ ಅವಳು ಹಾಕಿದ ದಾರ ಎಳೆದರೂ ಕಿತ್ತು ಬರುತ್ತಿರಲಿಲ್ಲ. ಅರುಣಾಳ ಕೈಯಿಂದ ಕಪ್ಪು ಬಿತ್ತು. ಚಹಾ ಮೆಣಸಿನಕಾಯಿಯ ಮೇಲೆ ಹರಿಯಿತು. ನೆನೆದ ಕೌದಿಯನ್ನು ಹೊಳೆಯಿಂದ ಎತ್ತಲು ಇಬ್ಬರು ಹೆಂಗಸರು ಬೇಕು. ಅದು ಅವಳಿಗೆ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಆದರೆ ಜಾಕೆಟ್ಟು ತೇಲುವುದಕ್ಕಿದೆ ಎಂದು ಆ ಮುದುಕಿಗೆ ಯಾರೂ ಹೇಳಿರಲಿಲ್ಲ. ಗಂಡ ಹುಲಿಗೇಶ ಅದನ್ನೇ ತೊಟ್ಟು ಬೆಳಗ್ಗೆಯೇ ಹೊಳೆಗೆ ಇಳಿದಿದ್ದ.

ಹುಲಿಗೇಶ ರಾಣೇಬೆನ್ನೂರಿನಲ್ಲಿ ಸುಟ್ಟ ಪಂಪಿನ ಮೋಟಾರಿಗೆ ಹೊಸ ಸುರುಳಿ ಸುತ್ತುವವನು. ವಾರವಿಡೀ ತಾಮ್ರದ ತಂತಿ, ರವಿವಾರ ತುಂಗಭದ್ರೆ. ಒಬ್ಬರೇ ಕೂರುವಂಥ ಸಪೂರ ಪ್ಲಾಸ್ಟಿಕ್ ದೋಣಿಯೊಂದನ್ನು ತಂದಿದ್ದ. ಕಯಾಕ್ ಅಂತ ಅದರ ಹೆಸರು. ಕೋಳಿಪುಕ್ಕಕ್ಕೆ ದಾರ ಸುತ್ತಿ ಹುಸಿ ನೊಣ ಕಟ್ಟಿ, ಅದನ್ನು ನೀರಿನ ಮೇಲೆ ಬೀಸಿ ಬೀಸಿ ಎಸೆದು ಮೀನು ಹಿಡಿಯುವುದು ಅವನ ಹುಚ್ಚು. ದಂಡೆಯ ಮೀನುಗಾರ ಕಾಸೀಮಸಾಬ "ಪುಕ್ಕ ತಿನ್ನೂ ಮೀನ ಎಲ್ಲಿ ಕಂಡೀರಿ?" ಎಂದು ನಗುತ್ತಿದ್ದ. ಆದರೆ ಸುರಕ್ಷತೆಯ ಮಾತು ಬಂದರೆ ಹುಲಿಗೇಶ ಮೇಷ್ಟರೇ ಸೈ. ಜಾಕೆಟ್ಟಿಲ್ಲದೆ ನೀರಿಗೆ ಇಳಿಯಬಾರದು, ಪಟ್ಟಿ ಎಲ್ಲವನ್ನೂ ಬಿಗಿಯಬೇಕು, ಮೇಲೆದ್ದು ನಿಲ್ಲಬಾರದು ಎಂದು ಕೇಳದವರಿಗೂ ಹೇಳುತ್ತಿದ್ದ.

ಅರುಣಾ ಫೋನು ಹಚ್ಚಿದಳು. ಎತ್ತಲಿಲ್ಲ. ಅತ್ತೆಗೆ ಏನೂ ಹೇಳದೆ ಸ್ಕೂಟಿ ತೆಗೆದವಳು ದಾರಿಯಲ್ಲಿ ಯಾರನ್ನು ಕಂಡಳೋ, ಯಾರು ಕರೆದರೋ, ಒಂದೂ ನೆನಪಿಲ್ಲ. 'ನೀನ ಕೊಟ್ಟಿದ್ದಿ' ಎಂಬ ಮಾತು ಕಿವಿ ಬಿಟ್ಟು ಹೋಗಲೊಲ್ಲದು. ಸೂಜಿ ಹಿಡಿಯಲು ಬೇಸರವಾಗಿ ತಾನೇ ಅಲ್ಲವೇ ಅದನ್ನು ಅತ್ತೆಯ ಮಡಿಲಿಗೆ ಎಸೆದದ್ದು!

ಹೊಳೆ ತುಂಬಿ ಹರಿಯುತ್ತಿತ್ತು. ನಡುನೀರಿನಲ್ಲಿ ದೋಣಿ, ಅದರಲ್ಲಿ ಕಿತ್ತಳೆ ಜಾಕೆಟ್ಟು ತೊಟ್ಟ ಗಂಡ, ಅವನ ತಲೆಯ ಮೇಲೆ ಸುತ್ತುತ್ತಿರುವ ಗಾಳದ ದಾರ. ಜೀವಂತ ಇದ್ದಾನೆ. ಅರುಣಾಳಿಗೆ ಅಳುವೇ ಬಂತು.

"ರೀ! ದಂಡಿಗೆ ಬರ್ರೀ! ಜಾಕೀಟ ನಂಬಬ್ಯಾಡ್ರೀ!"

ಗಾಳಿ ಆ ಕಡೆಯಿಂದ ಬೀಸುತ್ತಿತ್ತು. ಅವನಿಗೆ ಕಂಡದ್ದು ಇಷ್ಟೇ: ಎಂದೂ ಹೊಳೆಗೆ ಬಾರದ ಹೆಂಡತಿ ಕೂದಲು ಕೆದರಿಕೊಂಡು ಎರಡೂ ಕೈ ಎತ್ತಿ ಚೀರುತ್ತಿದ್ದಾಳೆ. ಅವ್ವನಿಗೆ ಏನೋ ಆಗಿದೆ ಎಂದುಕೊಂಡ. ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ ದೋಣಿಯಲ್ಲಿ ಎದ್ದು ನಿಂತ.

ದೋಣಿ ಮಗುಚಿತು. ಸಪ್ಪಳವೂ ದಂಡೆಗೆ ಕೇಳಲಿಲ್ಲ. ತಲೆ ಒಮ್ಮೆ ಮೇಲೆ ಬಂತು, ಮುಖದಲ್ಲಿ ಭಯವಿರಲಿಲ್ಲ. ಜಾಕೆಟ್ಟು ಎತ್ತುತ್ತದೆ ಎಂಬ ನಂಬಿಕೆಯಿಂದ ಕೈ ಕೂಡ ಬಡಿಯದೆ ಸುಮ್ಮನಿದ್ದ. ಆಮೇಲೆ ಆ ಮುಖ ಬೆರಗಾಯಿತು. ಯಾರೋ ಭುಜ ಹಿಡಿದು ಕೆಳಕ್ಕೆ ಜಗ್ಗಿದ ಹಾಗೆ ಹುಲಿಗೇಶ ನೀರೊಳಗೆ ಹೋದ.

ಅರುಣಾ ಸೊಂಟಮಟ್ಟದ ನೀರಿಗೆ ನುಗ್ಗಿದ್ದಳು. ಕಾಸೀಮಸಾಬ ಅವಳನ್ನು ಹಿಂದಕ್ಕೆ ದಬ್ಬಿ ಹರಿಗೋಲು ಹಾಕಿದ. ಗುಂಡನೆಯ ಆ ಬುಟ್ಟಿ ತಿರುಗುತ್ತ ತಿರುಗುತ್ತ ಹೋಗುವುದನ್ನು ನೋಡುವುದೆಂದರೆ ಜೀವ ಹಿಂಡಿದಂತೆ. ಕಾಸೀಮಸಾಬ ಬಗ್ಗಿ ಕೊರಳಪಟ್ಟಿ ಹಿಡಿದ, ಕೈ ಜಾರಿತು, ಮತ್ತೆ ಹಿಡಿದ. ಬುಟ್ಟಿಯೊಳಕ್ಕೆ ಎಳೆದುಕೊಳ್ಳಲು ಆಗದೆ ಪಕ್ಕಕ್ಕೇ ಒತ್ತಿ ಹಿಡಿದು ದಂಡೆಗೆ ತಂದ.

"ಮನಷ್ಯಾನ ಭಾರಲ್ಲವಾ ಇದು!" ಎಂದು ಏದುಸಿರು ಬಿಟ್ಟ. "ಒಳಗ ಏನ್ ತುಂಬ್ಯಾರ?"

ಹುಲಿಗೇಶ ನೀರು ಕಾರಿದ, ಕೆಮ್ಮಿದ, ಉಸಿರೆಳೆದ. ಬಿಗಿದ ಪಟ್ಟಿ ಬಿಚ್ಚಲು ಬಾರದೆ ಕಾಸೀಮಸಾಬ ಚಾಕುವಿನಿಂದ ಕೊಯ್ದ. ಅದೇ ಚಾಕುವಿನಿಂದ ಹೊಲಿಗೆ ಕೊಯ್ದು ಅರುಣಾ ಬಟ್ಟೆ ಹಿರಿಯುತ್ತ ಹೋದಳು. ಮಾವ ತೀರಿಹೋಗಿ ವರ್ಷಗಳಾಗಿದ್ದವು. ಅವರ ರುಮಾಲನ್ನು ಹೊಳಿಯವ್ವ ಟ್ರಂಕಿನಿಂದ ಹೊರಗೆ ತೆಗೆದದ್ದನ್ನು ಯಾರೂ ಕಂಡಿರಲಿಲ್ಲ. ಅದೇ ರುಮಾಲು ಒದ್ದೆಯಾಗಿ ಉದ್ದಕ್ಕೂ ಬಿಚ್ಚಿಕೊಂಡು ಬಂತು. ಮಗನ ಎದೆಯ ಮೇಲೆ ಅಪ್ಪ ಇರಲಿ ಎಂದು ಇಟ್ಟಿದ್ದಳು.

ಹುಲಿಗೇಶ ಅದನ್ನು ನೋಡಿ ಮುಖ ಮುಚ್ಚಿಕೊಂಡ.

"ಅವ್ವಗ ಹೇಳಬ್ಯಾಡ, ಅರುಣಾ. ನಾ ಉಳದೇನಿ. ಆಕಿ ಇದನ್ನ ಕೇಳಿ ಉಳಿಯೂದಿಲ್ಲ."

ಅರುಣಾ ತಲೆಯಾಡಿಸಿದಳು. ಹೇಳುವ ಧೈರ್ಯ ಅವಳಿಗೂ ಇರಲಿಲ್ಲ.

ಮನೆಗೆ ಬಂದಾಗ ಹೊಳಿಯವ್ವ ಚಹಾ ಬಿದ್ದ ಮೆಣಸಿನಕಾಯಿಯನ್ನು ಬೇರೆ ಮಾಡಿ ಬಿಸಿಲಿಗೆ ಹರವುತ್ತಿದ್ದಳು. ಮಗನ ಒದ್ದೆ ಮೈ ನೋಡಿ ಹುಬ್ಬು ಗಂಟಿಕ್ಕಿದಳು.

"ಜಾಕೀಟ ಎಲ್ಲೋ?"

"ಹೊಳ್ಯಾಗ ಹೋತಬೇ. ಕೈ ಜಾರಿ ಬಿತ್ತು."

ರುಮಾಲೂ ಹೋಯಿತೆಂದು ಅವಳ ಮುಖ ಒಂದು ಕ್ಷಣ ಬಾಡಿತು. ಆಮೇಲೆ ಸಾವರಿಸಿಕೊಂಡಳು.

"ಹೋಗ್ಲಿ ಬಿಡು. ಇನ್ನೊಂದು ತಗೊಂಬಾ, ಅದಕ್ಕಿಂತ ದಪ್ಪ ಹೊಲದು ಕೊಡತೇನಿ. ಈಗ ಕೈ ಕುಂತೈತಿ ನನಗ. ಕರ್ಜಗಿ ಜಯವ್ವ ನಿನ್ನ ಜಾಕೀಟ ನೋಡಿ ತನ್ನ ಮಗಂದೂ ತಂದು ಕೊಟ್ಟಿದ್ಲು. ನಿನ್ನೆ ಒಯ್ದಾಳ. ಚಂದ್ರ್ಯಾ ಇವತ್ತ ಅದನ್ನ ಹಾಕ್ಕೊಂಡ ವರದಾ ಹೊಳಿಗೆ ಇಳೀತಾನಂತ."

ಜಯವ್ವ ಹೊಳಿಯವ್ವನ ಒಡಹುಟ್ಟಿದ ತಂಗಿ. ಅವಳ ಮಗ ಚಂದ್ರಪ್ಪನಿಗೆ ಈ ಗಾಳದ ಹುಚ್ಚು ಹಿಡಿಸಿದವನೇ ಹುಲಿಗೇಶ. ಚಂದ್ರಪ್ಪನಿಗೆ ಈಜು ಬರುತ್ತಿರಲಿಲ್ಲ. 'ಜಾಕೀಟ ಐತಲ್ಲ, ಹೆದರಬ್ಯಾಡ' ಎಂದು ನೀರಿಗೆ ಇಳಿಸಿದವನೂ ಅವನೇ.

ಗಂಡ ಹೆಂಡತಿ ಇಬ್ಬರೂ ಬಿಳಿಚಿಕೊಂಡು ನಿಂತರು. ಹುಲಿಗೇಶ ಹೆಂಡತಿಯ ಫೋನಿನಿಂದ ಚಂದ್ರಪ್ಪನಿಗೆ ಹಚ್ಚಿದ, ಎತ್ತಲಿಲ್ಲ. ಅರುಣಾಳೇ ಅತ್ತೆಯ ಎರಡೂ ಕೈ ಹಿಡಿದು, ಎಲ್ಲವನ್ನೂ, ರುಮಾಲಿನ ತನಕ, ಹೇಳಿಬಿಟ್ಟಳು.

ಹೊಳಿಯವ್ವ ಅಳಲಿಲ್ಲ. ಮಗನ ಎದೆ ಮುಟ್ಟಿ ನೋಡಿದಳು. ತನ್ನ ಬೆರಳುಗಳನ್ನು ನೋಡಿಕೊಂಡಳು. ಮರುಕ್ಷಣ ಮೆಣಸಿನಕಾಯಿ ತುಳಿದುಕೊಂಡು, ಬರಿಗಾಲಲ್ಲೇ ಅಂಗಳ ದಾಟಿ ಬೀದಿಗೆ ಓಡಿದಳು.

"ಗಾಡಿ ತಗೀ ಹುಲಿಗ್ಯಾ!" ಎಂದು ಕೂಗಿದ ಅವಳ ದನಿಗೆ ಓಣಿಯ ಬಾಗಿಲುಗಳೆಲ್ಲ ತೆರೆದವು. "ಲಗೂ ತಗೀ! ನಮ್ಮ ಜಯವ್ವಗ ಅವನೊಬ್ಬನ ಅದಾನೋ!"